ಹೆಸರು ಹುಡುಕ್ಬೇಡಿ, ಮನೆ ಹುಡುಕಿ: ಇಂಗ್ಲೆಂಡಿನ ಮಿಲ್ ಕಾರ್ಮಿಕರ ಕುಟುಂಬದ ಜಾಡು ಹಿಡಿಯೋದು ಹೇಗೆ

ನಮ್ಮ ಪಕ್ಕದ ಮನೆ ಅಜ್ಜಿಗೆ ಎಂಬತ್ತು ದಾಟಿದೆ. ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಇಂಗ್ಲೆಂಡಿನ ಲ್ಯಾಂಕಾಶೈರ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಬ್ಲ್ಯಾಕ್‌ಬರ್ನ್‌ನಲ್ಲೇ, ಅಪ್ಪ ಅಮ್ಮ ಇಬ್ರೂ ಕಾಟನ್ ಮಿಲ್‌ನಲ್ಲಿ ಮಗ್ಗ ನಡೆಸ್ತಿದ್ದೋರು. ನಾನು ದಾವಣಗೆರೆಯವಳು, ನಮ್ಮೂರನ್ನ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು ಅಂತ ಹೇಳಿದ ದಿನದಿಂದ ನಮ್ಮಿಬ್ರಿಗೂ ದೋಸ್ತಿ. ಒಂದಿನ ಟೀ ಕುಡೀತಾ ಅಜ್ಜಿ, ನಮ್ಮಪ್ಪನ ಅಪ್ಪನ ಹೆಸರು ಬಿಟ್ರೆ ನಂಗೆ ಏನೂ ಗೊತ್ತಿಲ್ಲ ಕಣಮ್ಮ, ನಮ್ಮಂಥ ಬಡವರ ಬಗ್ಗೆ ಯಾರು ಬರೆದಿಡ್ತಾರೆ ಅಂದ್ರು. ನಾನೂ ಹೌದಲ್ವಾ ಅಂದ್ಕೊಂಡೆ. ಈಗ ಎರಡು ವರ್ಷ ಆಯ್ತು ಕೂತು ಹುಡುಕ್ತಾ, ನಾವು 1810ರವರೆಗೂ ಹೋಗಿದ್ದೀವಿ, ಮತ್ತೆ ಅಜ್ಜಿ ಹೇಳಿದ್ದು ತಪ್ಪು ಅಂತ ಗೊತ್ತಾಗಿದೆ. ಇಂಗ್ಲೆಂಡಿನಲ್ಲಿ ಬಡವರ ಬಗ್ಗೆ ಬರೆದಿಟ್ಟಿದ್ದಾರೆ, ಅವರಾಗೇ ಬರೆದಿಡ್ಲಿಲ್ಲ ಅಷ್ಟೇ. ಸರ್ಕಾರ ತಲೆ ಎಣಿಸುವಾಗ ಬರೆದಿದೆ, ಪಾದ್ರಿ ಮಗು ತಲೆಗೆ ನೀರು ಹಾಕುವಾಗ ಬರೆದಿದ್ದಾನೆ, ಊಟಕ್ಕಿಲ್ಲದೆ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು, ಸೀಮೆ) ಹತ್ರ ಕೈ ಚಾಚಿದಾಗಂತೂ ಜಾತಕವನ್ನೇ ಬರ್ಕೊಂಡಿದ್ದಾರೆ.

ನಾನಿರೋ ಇಂಗ್ಲೆಂಡಿನಲ್ಲಿ ನಮ್ಮವರು ತುಂಬಾ ಜನ ಇದಾರೆ, ಇಂಗ್ಲಿಷ್ ಮನೆತನಕ್ಕೆ ಮದುವೆಯಾಗಿ ಹೋದೋರು ಇದಾರೆ, ಅತ್ತೆ ಮಾವಂಗೆ ಅಥವಾ ಮಕ್ಕಳ ಸ್ಕೂಲ್ ಪ್ರಾಜೆಕ್ಟ್‌ಗೆ ಈ ಕೆಲಸ ಮಾಡ್ಬೇಕಾದೋರು ಇದಾರೆ, ಅದಕ್ಕೆ ಕನ್ನಡದಲ್ಲಿ ಒಂದು ಕಡೆ ಬರೆದಿಡೋಣ ಅಂತ. ಅಜ್ಜಿ ಮನೆತನದ ನಿಜವಾದ ಸರ್‌ನೇಮ್ ಬೇಡ, ಹಾವರ್ತ್ ಅಂತ ಇಟ್ಕೊಳ್ಳೋಣ, ಲ್ಯಾಂಕಾಶೈರ್‌ನಲ್ಲಿ ಕಲ್ಲು ಹೊಡೆದ್ರೆ ಒಬ್ಬ ಹಾವರ್ತ್‌ಗೆ ಬೀಳುತ್ತೆ.

ಮೊದ್ಲು ಕಂಪ್ಯೂಟರ್ ಮುಟ್ಬೇಡಿ

ಎಲ್ರೂ ಮಾಡೋ ತಪ್ಪು ಅಂದ್ರೆ ಸೀದಾ ಯಾವುದೋ ಸೈಟಿಗೆ ಹೋಗಿ ಹೆಸರು ಹಾಕಿ ಸರ್ಚ್ ಹೊಡೆಯೋದು. ಮೊದ್ಲು ಮನೇಲಿರೋ ಹಿರಿಯರ ಹತ್ರ ಕೂತ್ಕೊಳ್ಳಿ. ಯಾರ ಮದುವೆ ಯಾವ ಚರ್ಚ್‌ನಲ್ಲಿ, ಯಾವ ಬೀದೀಲಿದ್ರು, ಯಾವ ಮಿಲ್ಲು, ಅಜ್ಜಿಯ ತವರುಮನೆ ಸರ್‌ನೇಮ್ ಏನು. ಈ ಕೊನೇದು ಬಹಳ ಮುಖ್ಯ, ಮುಂದೆ ಗೊತ್ತಾಗುತ್ತೆ ಯಾಕೆ ಅಂತ. ಬಿಸ್ಕೆಟ್ ಡಬ್ಬಿಯಲ್ಲಿ ಹಳೇ ಸರ್ಟಿಫಿಕೇಟು, ಸತ್ತವರ ನೆನಪಿನ ಕಾರ್ಡು, ಪ್ರೇಯರ್ ಬುಕ್ಕಿನ ಮೊದಲ ಹಾಳೆ, ಎಲ್ಲಾ ಫೋಟೋ ತೆಗೆದಿಟ್ಕೊಳ್ಳಿ. ಗೊತ್ತಿರೋದ್ರಿಂದ ಗೊತ್ತಿಲ್ಲದ್ದಕ್ಕೆ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗ್ಬೇಕು. ಮಧ್ಯ ಒಂದು ತಲೆಮಾರು ಹಾರಿಸಿ ಯಾರೋ ಆನ್‌ಲೈನ್‌ನಲ್ಲಿ ಹಾಕಿರೋ ವಂಶವೃಕ್ಷಕ್ಕೆ ಜೋತುಬಿದ್ರೆ, ಬೇರೆಯವರ ಮುತ್ತಾತನಿಗೆ ಪಿಂಡ ಇಟ್ಟ ಹಾಗಾಗುತ್ತೆ.

ಇನ್ನೊಂದು ಮಾತು ಈಗ್ಲೇ ಹೇಳ್ಬಿಡ್ತೀನಿ. ಕೂಲಿ ಜನರ ಮನೆಗಳಲ್ಲಿ ಹೆಸರುಗಳು ಒಂದು ಹತ್ತು ಹನ್ನೆರಡರಲ್ಲೇ ಸುತ್ತುತ್ವೆ: ಜಾನ್, ವಿಲಿಯಂ, ಥಾಮಸ್, ಜೇಮ್ಸ್, ಮೇರಿ, ಆನ್, ಎಲಿಜಬೆತ್, ಎಲೆನ್. ಹಾಗಾಗಿ ವಿಲಿಯಂ ಹಾವರ್ತ್ ಅಂತ ಒಬ್ಬ ಸಿಕ್ಕಿದ ಅಂದ್ರೆ ಏನೂ ಸಿಕ್ಕಿಲ್ಲ ಅಂತಾನೇ ಅರ್ಥ. ಗಂಡ, ಹೆಂಡ್ತಿ, ಮಕ್ಕಳ ಹೆಸರಿನ ಸಾಲು, ಕೆಲಸ, ಬೀದಿ, ಹುಟ್ಟಿದೂರು, ಇಷ್ಟೂ ಸೇರಿ ಒಂದು ಮನೆ ಆಗುತ್ತೆ. ಆ ಮನೇನ ಹುಡುಕಿ.

1939ರಿಂದ ಶುರು ಮಾಡಿ

ಇಂಗ್ಲೆಂಡಿನಲ್ಲಿ ಸೆನ್ಸಸ್ ವಿವರ ನೂರು ವರ್ಷ ಹೊರಗೆ ಬಿಡಲ್ಲ. 1921ರದ್ದು 2022ರ ಜನವರಿಯಲ್ಲಿ ಬಂತು, ಅದೇ ಈಗ ಇರೋದ್ರಲ್ಲಿ ಹೊಸದು. 1931ರದ್ದು ಬರೋದೇ ಇಲ್ಲ, 1942ರ ಡಿಸೆಂಬರ್‌ನಲ್ಲಿ ಗೋಡೌನ್‌ಗೆ ಬೆಂಕಿ ಬಿದ್ದು ಸುಟ್ಟೋಯ್ತು, ಬಾಂಬ್ ಏನೂ ಅಲ್ಲ. 1941ರಲ್ಲಿ ಯುದ್ಧ ಇತ್ತು, ಗಣತಿ ಮಾಡ್ಲೇ ಇಲ್ಲ. ಅಂದ್ರೆ 1921 ಆದ್ಮೇಲೆ ಮೂವತ್ತು ವರ್ಷ ಖಾಲಿ, ಅದನ್ನ ತುಂಬೋದು 1939ರ ರಿಜಿಸ್ಟರ್. ಯುದ್ಧ ಶುರುವಾದ ಕೂಡ್ಲೆ, ಸೆಪ್ಟೆಂಬರ್ 29ರಂದು, ಗುರುತಿನ ಚೀಟಿ ಕೊಡೋಕೆ ಅಂತ ಮನೆಮನೆಗೆ ಹೋಗಿ ಬರ್ಕೊಂಡಿದ್ದು. ಇದ್ರಲ್ಲಿ ವಯಸ್ಸಲ್ಲ, ಹುಟ್ಟಿದ ತಾರೀಕೇ ಇದೆ. ಈ ಪುಸ್ತಕಗಳನ್ನ ಆಮೇಲೂ ಎಷ್ಟೋ ವರ್ಷ ಬಳಸ್ತಾ ಇದ್ರು, ಹಾಗಾಗಿ ಹುಡುಗಿ ಮದುವೆಯಾದ್ರೆ ಹಳೇ ಸರ್‌ನೇಮ್ ಹೊಡೆದು ಮೇಲೆ ಹೊಸದು ಬರೆದಿರ್ತಾರೆ, ಅಂದ್ರೆ ಪುಕ್ಕಟೆಯಾಗಿ ಮದುವೆ ಸುಳಿವು ಕೂಡ ಸಿಕ್ತು. ಕೆಲವು ಸಾಲು ಕಪ್ಪು ಪಟ್ಟಿ ಹಾಕಿ ಮುಚ್ಚಿರ್ತಾರೆ, ಅವರು ಇನ್ನೂ ಬದುಕಿರಬಹುದು ಅಂತ. ಮನೆ ಹೆಂಗಸರ ಮುಂದೆ ಸಂಬಳವಿಲ್ಲದ ಮನೆಗೆಲಸ ಅಂತ ಬರೆದಿರೋದು ನೋಡಿ ಅಜ್ಜಿ ಜೋರಾಗಿ ನಕ್ಕರು. ಸಂಬಳವಿಲ್ಲ ಅನ್ನೋದನ್ನ ಸರ್ಕಾರವೇ ಒಪ್ಪಿಕೊಂಡಿದೆಯಲ್ಲ ಅಂತ.

ಅಲ್ಲಿಂದ 1921. ಇದ್ರಲ್ಲಿ ಮಿಲ್ ಜನರ ಪಾಲಿಗೆ ಚಿನ್ನದಂಥ ಒಂದು ಕಾಲಂ ಇದೆ, ಯಾರ ಹತ್ರ ಕೆಲಸ, ಎಲ್ಲಿ ಕೆಲಸ ಅಂತ. ಕಾಟನ್ ವೀವರ್ ಅನ್ನೋದಷ್ಟೇ ಅಲ್ಲ, ಯಾವ ಮಿಲ್ಲು ಅನ್ನೋದೂ ಸಿಗುತ್ತೆ. ಕೆಲಸ ಹೋಗಿದ್ರೆ ಅದನ್ನೂ ಬರೆದಿದ್ದಾರೆ.

1911, ಇಲ್ಲಿ ಸ್ವಲ್ಪ ನಿಲ್ಲಿ

1841ರಿಂದ 1901ರವರೆಗಿನ ಸೆನ್ಸಸ್‌ನಲ್ಲಿ ನಾವು ನೋಡೋದು ಎಣಿಸೋಕೆ ಬಂದವನ ಕೈಬರಹ. ಮನೆಮನೆಗೆ ಕೊಟ್ಟ ಫಾರ್ಮ್ ವಾಪಸ್ ತಗೊಂಡು, ಅವನು ಪುಸ್ತಕಕ್ಕೆ ಕಾಪಿ ಮಾಡ್ತಿದ್ದ, ಫಾರ್ಮ್‌ಗಳನ್ನ ಆಮೇಲೆ ನಾಶ ಮಾಡಿದ್ರು. 1911ರಿಂದ ಈಚೆಗೆ ಹಾಗಲ್ಲ, ಮನೆಯವರು ತಾವೇ ತುಂಬಿದ ಹಾಳೆಯೇ ಉಳಿದಿದೆ. ಅಜ್ಜಿ ತಾತನ ಸಹಿ ನೋಡಿದ್ದು ಅವತ್ತೇ ಮೊದಲು. ದೊಡ್ಡ ದೊಡ್ಡ ಅಕ್ಷರ, ಒಂದು ಕಡೆ ಇಂಕು ಚೆಲ್ಲಿ ಬೆರಳಲ್ಲಿ ಒರೆಸಿದ ಗುರುತು.

ಆ ಹಾಳೆಯಲ್ಲಿ ಗಂಡ ಇರೋ ಹೆಂಗಸಿಗೆ ಕೇಳಿರೋ ಪ್ರಶ್ನೆ ಇದೆ: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಇರೋರೆಷ್ಟು, ಹೋದೋರೆಷ್ಟು. ನಮ್ಮ ಹಾಳೆಯಲ್ಲಿ 10, 6, 4, 2. ಅಜ್ಜಿಗೆ ಗೊತ್ತಿದ್ದದ್ದು ಅಪ್ಪ ಮತ್ತೆ ಅಪ್ಪನ ಮೂರು ಜನ ಒಡಹುಟ್ಟಿದೋರು. ಉಳಿದ ಎರಡು ಮಕ್ಕಳ ಸುದ್ದಿ ಮನೇಲಿ ಯಾರೂ ಎತ್ತಿರ್ಲಿಲ್ಲ.

ಇಂಥ ಮಕ್ಕಳನ್ನ ಹುಡುಕೋದು ಕಷ್ಟವೇ ಅಲ್ಲ, ಒಂದು ಸಂಜೆಯ ಕೆಲಸ. ಜನನ ಮರಣ ನೋಂದಣಿ ಮಾಡೋ ಜನರಲ್ ರಿಜಿಸ್ಟರ್ ಆಫೀಸ್‌ನ ಸೈಟ್‌ನಲ್ಲಿ ಅಕೌಂಟ್ ಮಾಡ್ಕೊಳ್ಳಿ, ದುಡ್ಡಿಲ್ಲ. ಇಂಡೆಕ್ಸ್‌ನಲ್ಲಿ ಸರ್‌ನೇಮ್ ಹಾವರ್ತ್, ತಾಯಿಯ ತವರು ಸರ್‌ನೇಮ್, ಡಿಸ್ಟ್ರಿಕ್ಟ್ ಬ್ಲ್ಯಾಕ್‌ಬರ್ನ್, ವರ್ಷ ಹಾಕಿ ಹಿಂದೆ ಮುಂದೆ ಎರಡು ವರ್ಷ ಅಂತ ಕೊಡಿ, ಮಗುವಿನ ಹೆಸರಿನ ಜಾಗ ಖಾಲಿ ಬಿಡಿ. ಗಂಡು ಅಂತ ಒಂದ್ಸಲ, ಹೆಣ್ಣು ಅಂತ ಒಂದ್ಸಲ ಹುಡುಕ್ಬೇಕು, ಎರಡೂ ಒಟ್ಟಿಗೆ ಕೊಡಲ್ಲ ಅದು. 1901ರಿಂದ 1911ರೊಳಗೆ ಆರು ಹೆಸರು ಬಂತು. ಆಮೇಲೆ ಮರಣದ ಇಂಡೆಕ್ಸ್‌ಗೆ ಹೋಗಿ ಗೊತ್ತಿಲ್ಲದ ಎರಡು ಹೆಸರು ಹಾಕಿದ್ವಿ, ವಯಸ್ಸು 0 ಒಂದು, 1 ಇನ್ನೊಂದು. ಅಜ್ಜಿ ಎರಡನೇ ಹೆಸರು ಓದಿ ಸುಮ್ಮನಾದ್ರು. ಅದು ಅವರ ದೊಡ್ಡಣ್ಣನ ಹೆಸರು. ಅವರಪ್ಪ ತನ್ನ ಹೋದ ತಮ್ಮನ ಹೆಸರನ್ನ ಮೊದಲ ಮಗನಿಗೆ ಇಟ್ಟಿದ್ದ, ಯಾರಿಗೂ ಹೇಳಿರ್ಲಿಲ್ಲ.

ಇಲ್ಲಿ ಒಂದು ಟೆಕ್ನಿಕಲ್ ಎಚ್ಚರಿಕೆ: ಆ ಮರಣದ ಇಂಡೆಕ್ಸ್‌ನಲ್ಲಿ ಕೆಲವೊಮ್ಮೆ 11 ತಿಂಗಳಿನ ಮಗುವನ್ನ 11 ವರ್ಷ ಅಂತ ಹಾಕಿರ್ತಾರೆ. ವಯಸ್ಸು ಹೊಂದ್ಲಿಲ್ಲ ಅಂತ ಬಿಟ್ಬಿಡ್ಬೇಡಿ.

ಸರ್ಟಿಫಿಕೇಟ್ ಯಾವಾಗ ತರಿಸ್ಬೇಕು

ಇಂಗ್ಲೆಂಡ್ ಮತ್ತೆ ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1 ಜುಲೈ 1837. ಅಲ್ಲಿಂದ ಈಚೆಗೆ ಹುಟ್ಟು, ಮದುವೆ, ಸಾವು ಮೂರೂ ಇದೆ, ಆದ್ರೆ ಹುಟ್ಟನ್ನ ಬರೆಸದಿದ್ರೆ ದಂಡ ಅಂತ ಬಿಗಿ ಬಂದಿದ್ದು 1875ರಿಂದ. ಅದಕ್ಕೆ ಮುಂಚೆ ಕೆಲವು ಮಕ್ಕಳು ಬಿಟ್ಟೋಗಿವೆ, ಚರ್ಚ್ ಬುಕ್ಕಲ್ಲಿ ಇದ್ದು ಸರ್ಕಾರದ ಬುಕ್ಕಲ್ಲಿ ಇಲ್ಲದೋರು.

ಇಂಡೆಕ್ಸ್ ಅಂದ್ರೆ ಬರೀ ಸುಳಿವು, ಮೂರು ತಿಂಗಳಿಗೊಂದು ಪಟ್ಟಿ. ಜೂನ್ ಕ್ವಾರ್ಟರ್ ಅಂತ ಇದ್ರೆ ನೋಂದಣಿ ಏಪ್ರಿಲ್‌ನಿಂದ ಜೂನ್ ಒಳಗೆ ಆಗಿದೆ ಅಂತ, ಹುಟ್ಟಿದ್ದು ಫೆಬ್ರವರಿ ಮಾರ್ಚ್‌ನಲ್ಲೂ ಇರಬಹುದು, ಬರೆಸೋಕೆ 42 ದಿನ ಟೈಮ್ ಇರ್ತಿತ್ತಲ್ಲ. ಪಕ್ಕದಲ್ಲಿ 8ಇ ಅಂತ ವಾಲ್ಯೂಮ್ ನಂಬರ್ ಕಂಡ್ರೆ ಬ್ಲ್ಯಾಕ್‌ಬರ್ನ್, ಬರ್ನ್ಲಿ, ಪ್ರೆಸ್ಟನ್ ಆ ಕಡೆ ಅಂತ, 8ಡಿ ಇದ್ರೆ ಮ್ಯಾಂಚೆಸ್ಟರ್ ಕಡೆ. ವಾಲಂಟಿಯರ್‌ಗಳು ಸೇರಿ ಮಾಡಿರೋ ಫ್ರೀಬಿಎಂಡಿ ಅನ್ನೋ ಸೈಟಲ್ಲಿ ಇದೆಲ್ಲಾ ಪುಕ್ಕಟೆ ಹುಡುಕ್ಬಹುದು, ಮದುವೆ ಹುಡುಕೋಕೆ ಅದೇ ಬೆಸ್ಟ್, ಯಾಕಂದ್ರೆ ಒಂದೇ ಪುಟದಲ್ಲಿ ಯಾರ್ಯಾರ ಹೆಸರಿದೆ ಅಂತ ಕ್ಲಿಕ್ ಮಾಡಿದ್ರೆ ತೋರಿಸುತ್ತೆ, ಗಂಡ ಹೆಂಡ್ತಿ ಜೋಡಿ ಅಲ್ಲೇ ಸಿಗುತ್ತೆ.

ದುಡ್ಡು ಕೊಟ್ಟು ತರಿಸೋದಾದ್ರೆ ಮೊದ್ಲು ಮದುವೆ ಸರ್ಟಿಫಿಕೇಟ್ ತರಿಸಿ, ನನ್ನ ಅಭಿಪ್ರಾಯ ಇದು. ಅದ್ರಲ್ಲಿ ಹುಡುಗ ಹುಡುಗಿ ಇಬ್ಬರ ಅಪ್ಪಂದಿರ ಹೆಸರೂ ಕೆಲಸವೂ ಇರುತ್ತೆ, ಒಂದೇ ಕಾಗದದಲ್ಲಿ ಎರಡು ಮನೆ. ಅಮ್ಮಂದಿರ ಹೆಸರು ಕೇಳ್ಬೇಡಿ, ಅದನ್ನ ಸೇರಿಸಿದ್ದು 2021ರ ಮೇ ತಿಂಗಳಲ್ಲಿ! ಹಳೇ ಹುಟ್ಟು ಸಾವಿನ ದಾಖಲೆಗಳನ್ನ ಆಫೀಸಿನವರು ಡಿಜಿಟಲ್ ಇಮೇಜ್ ಆಗಿ ಕಮ್ಮಿ ದುಡ್ಡಿಗೆ ಕೊಡ್ತಾರೆ, ಪೇಪರ್ ಸರ್ಟಿಫಿಕೇಟ್ ಆರ್ಡರ್ ಮಾಡಿ ಖರ್ಚು ಮಾಡ್ಬೇಡಿ. ಮದುವೆಗೆ ಈ ಸೌಕರ್ಯ ಇಲ್ಲ, ಆದ್ರೆ ಚರ್ಚ್‌ನಲ್ಲಾದ ಮದುವೆಯಾದ್ರೆ ಚರ್ಚ್ ರಿಜಿಸ್ಟರ್‌ನಲ್ಲೂ ಅದೇ ವಿವರ ಇರುತ್ತೆ, ಆನ್‌ಲೈನ್ ಹಾಕಿದ್ರೆ ಅದನ್ನೇ ನೋಡ್ಕೊಂಡ್ರೆ ಆಯ್ತು.

ಮದುವೆ ಕಾಗದವನ್ನ ಕಣ್ಣುಮುಚ್ಚಿ ನಂಬ್ಬೇಡಿ ಆದ್ರೂ. ವಯಸ್ಸು ಫುಲ್ ಅಂತಷ್ಟೇ ಬರೆದಿದ್ರೆ 21 ಆಗಿದೆ ಅಂತ ಅವರು ಹೇಳಿದ್ದಾರೆ ಅಷ್ಟೇ. ಇಬ್ಬರದ್ದೂ ಒಂದೇ ವಿಳಾಸ ಇದ್ರೆ ಒಟ್ಟಿಗಿದ್ರು ಅಂತ ಅಂದ್ಕೊಳ್ಳೋದು ಬೇಡ, ಎರಡು ಪ್ಯಾರಿಷ್‌ನಲ್ಲಿ ಬ್ಯಾನ್ಸ್ (ಇವರಿಬ್ರೂ ಮದುವೆ ಆಗ್ತಾರೆ ಅಂತ ಚರ್ಚ್‌ನಲ್ಲಿ ಮುಂಚೆ ಸಾರೋದು) ಓದಿಸೋ ಖರ್ಚು ಉಳಿಸೋಕೆ ಒಂದೇ ವಿಳಾಸ ಕೊಡೋದು ಮಾಮೂಲಿ. ಅಪ್ಪ ಇಲ್ಲದೆ ಹುಟ್ಟಿದ ಹುಡುಗ ಮರ್ಯಾದೆಗೆ ಅಂತ ತಾತನ ಹೆಸರನ್ನೇ ಅಪ್ಪ ಅಂತ ಬರೆಸಿರೋದೂ ಇದೆ. ಹೆಬ್ಬೆಟ್ಟಿನ ಬದಲು ಅಲ್ಲಿ ಗುಣಿಸು ಗುರುತು. ಸಾಕ್ಷಿ ಹಾಕಿದ ಇಬ್ಬರ ಹೆಸರನ್ನ ತಪ್ಪದೆ ಬರ್ಕೊಳ್ಳಿ, ಸಾಮಾನ್ಯವಾಗಿ ಅಕ್ಕ ತಂಗಿ ಅಣ್ಣ ತಮ್ಮಂದಿರೇ, ಆದ್ರೆ ಅದೇ ಹೆಸರು ಪುಟದ ಎಲ್ಲಾ ಮದುವೆಗೂ ಇದ್ರೆ ಅವನು ಚರ್ಚ್ ಕ್ಲರ್ಕ್.

ನಾವು ಮೂರು ತಿಂಗಳು ದಾರಿ ತಪ್ಪಿದ ಕಥೆ

ಅಜ್ಜಿಯ ಮುತ್ತಾತ ವಿಲಿಯಂ. 1871ರ ಮದುವೆ, ವಯಸ್ಸು 23, ಅಪ್ಪ ಜಾನ್, ಕೈಮಗ್ಗದ ನೇಕಾರ. ಹಾಗಾದ್ರೆ 1848ರ ಸುಮಾರಿಗೆ ಹುಟ್ಟಿರ್ಬೇಕು. ಇಂಡೆಕ್ಸ್‌ನಲ್ಲಿ 1848, ಬ್ಲ್ಯಾಕ್‌ಬರ್ನ್, ಒಬ್ಬ ವಿಲಿಯಂ ಸಿಕ್ಕ, ಇಮೇಜ್ ತರಿಸಿದ್ರೆ ಅಪ್ಪ ಜಾನ್ ಅಂತಾನೇ ಇದೆ. ಕೆಲಸ ಮಾತ್ರ ಕಲ್ಲುಕುಟಿಗ. ಇರ್ಲಿ ಬಿಡು ಕೆಲಸ ಬದಲಾಯಿಸಿರ್ತಾನೆ ಅಂತ ನಾನೇ ಅಜ್ಜಿಗೆ ಸಮಾಧಾನ ಹೇಳಿ, ಆ ಕಲ್ಲುಕುಟಿಗನ ಅಪ್ಪ, ಅಪ್ಪನ ಅಪ್ಪ, ಹೆಂಡ್ತಿ ಕಡೆ ಅಂತ ಮೂರು ತಲೆಮಾರು ಮೇಲೆ ಹತ್ತಿದ್ವಿ, ದೊಡ್ಡ ಚಾರ್ಟ್ ಪೇಪರ್ ತಂದು ಗೋಡೆಗೂ ಅಂಟಿಸಾಯ್ತು. ಒಂದಿನ ಬೇರೇನೋ ಹುಡುಕುವಾಗ 1850ರ ಮರಣದ ಪಟ್ಟಿಯಲ್ಲಿ ವಿಲಿಯಂ, ವಯಸ್ಸು 2, ಬ್ಲ್ಯಾಕ್‌ಬರ್ನ್. ಚರ್ಚ್‌ನಲ್ಲಿ ಮಣ್ಣು ಮಾಡಿದ ದಾಖಲೆ ನೋಡಿದ್ರೆ ಅದೇ ಬೀದಿ. ನಮ್ಮ ವಿಲಿಯಂ ಮದುವೆಗೆ ಇಪ್ಪತ್ತೊಂದು ವರ್ಷ ಮುಂಚೆನೇ ತೀರ್ಕೊಂಡಿದ್ದ!

ಹಾಗಾಗಿ ನನ್ನ ಕಡೆಯಿಂದ ಕಟ್ಟುನಿಟ್ಟಿನ ನಿಯಮ ಅಂದ್ರೆ ಇದೇ: ಒಬ್ಬ ಸಿಕ್ಕಿದ ಕೂಡ್ಲೆ ಅವನು ಚಿಕ್ಕಂದಿನಲ್ಲೇ ಸತ್ತಿಲ್ಲ ಅಂತ ಮೊದ್ಲು ಖಾತ್ರಿ ಮಾಡ್ಕೊಳ್ಳಿ. ಅದೇ ಹೆಸರಿನವರು ಆ ಊರಲ್ಲಿ ಎಷ್ಟು ಜನ ಇದ್ರು ಅಂತ ಎಲ್ಲರ ಪಟ್ಟಿ ಮಾಡಿ, ಒಬ್ಬೊಬ್ಬರನ್ನೇ ಕಾರಣ ಕೊಟ್ಟು ಹೊಡೆದುಹಾಕಿ. ಉಳಿದೋನು ನಿಮ್ಮವನು. ಮತ್ತೆ ಒಂದೇ ಮನೇಲಿ ಇಬ್ಬರು ವಿಲಿಯಂ ಇದ್ರೆ ಗಾಬರಿ ಆಗ್ಬೇಡಿ, ಮೊದಲನೇದು ಸತ್ತ ಮೇಲೆ ಮುಂದಿನದ್ದಕ್ಕೆ ಅದೇ ಹೆಸರು ಇಡೋದು ಅವರಲ್ಲೂ ಇತ್ತು.

ಸರಿಯಾದ ವಿಲಿಯಂ ಸಿಕ್ಕಿದ್ದು ಹೇಗೆ ಅಂದ್ರೆ ಹೆಸರಿನಿಂದಲ್ಲ, 1851ರ ಸೆನ್ಸಸ್‌ನಿಂದ.

ಸೆನ್ಸಸ್ ಪುಟ ಓದೋದು

ಜನರ ಹೆಸರಿರೋ ಸೆನ್ಸಸ್ ಸಿಗೋದು 1841ರಿಂದ. ಹತ್ತು ವರ್ಷಕ್ಕೊಂದ್ಸಲ, ಒಂದೇ ರಾತ್ರಿ ಆ ಸೂರಿನಡಿ ಯಾರು ಮಲಗಿದ್ರೋ ಅವರ ಲೆಕ್ಕ. 1851ರಲ್ಲಿ ಮಾರ್ಚ್ 30, 1861ರಲ್ಲಿ ಏಪ್ರಿಲ್ 7, 1881ರಲ್ಲಿ ಏಪ್ರಿಲ್ 3, ಹೀಗೆ. ಅತ್ತೆ ಮನೆಗೆ ಹೋಗಿದ್ದ ಮಗು ಅತ್ತೆ ಮನೆ ಲೆಕ್ಕದಲ್ಲೇ ಇರುತ್ತೆ, ನೈಟ್ ಶಿಫ್ಟ್‌ನೋರು ಮಾತ್ರ ಬೆಳಿಗ್ಗೆ ಬಂದ್ರೂ ಮನೆಗೇ ಸೇರ್ತಾರೆ. 1881ರದ್ದು ಫ್ಯಾಮಿಲಿಸರ್ಚ್ ಅನ್ನೋ ಸೈಟಲ್ಲಿ ಪೂರ್ತಿ ಟೈಪ್ ಮಾಡಿದ್ದು ಪುಕ್ಕಟೆ ಇದೆ, ಹೊಸಬರು ಕೈ ಪಳಗಿಸೋಕೆ ಅದೇ ಒಳ್ಳೇದು. ಉಳಿದವಕ್ಕೆ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಅನ್ನೋ ಸೈಟ್‌ಗಳು ದುಡ್ಡು ಕೇಳ್ತಾವೆ, ಆದ್ರೆ ಇಲ್ಲಿರೋರು ಮೊದ್ಲು ನಿಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ, ತುಂಬಾ ಕಡೆ ಅಲ್ಲಿನ ಕಂಪ್ಯೂಟರ್‌ನಲ್ಲಿ ಪುಕ್ಕಟೆ ನೋಡೋಕೆ ಬಿಡ್ತಾರೆ.

1841ರದ್ದು ಸ್ವಲ್ಪ ಕುಂಟು. ಹದಿನೈದು ದಾಟಿದವರ ವಯಸ್ಸನ್ನ ಐದರ ಲೆಕ್ಕಕ್ಕೆ ಕೆಳಗಿಳಿಸಿ ಬರೀಬೇಕು ಅಂತ ಹೇಳಿದ್ರು, 44 ಇದ್ರೆ 40. ಯಾರಿಗೆ ಯಾರು ಏನಾಗ್ಬೇಕು ಅಂತಿಲ್ಲ, ಹುಟ್ಟಿದೂರಿಲ್ಲ, ಇದೇ ಕೌಂಟಿಯಾ ಅಲ್ವಾ ಅಂತಷ್ಟೇ. ಹೆಂಗಸು ಹೆಂಡ್ತಿಯೋ ತಂಗಿಯೋ ಅಂತ ನೀವೇ ಊಹಿಸ್ಬೇಕು, ಊಹೆ ಅಂತಾನೇ ಪಕ್ಕದಲ್ಲಿ ಬರೆದಿಡಿ.

1851ರಿಂದ ಮಜಾ. ಮನೆ ಯಜಮಾನನ ಜೊತೆ ಸಂಬಂಧ, ವಯಸ್ಸು, ಕೆಲಸ, ಹುಟ್ಟಿದ ಪ್ಯಾರಿಷ್ ಎಲ್ಲಾ ಇದೆ. ನಮ್ಮ ಪುಟ ಹೀಗಿತ್ತು: ಜಾನ್, ಕೈಮಗ್ಗದ ನೇಕಾರ, ಹೆಂಡ್ತಿ ಬೆಟ್ಟಿ ಪವರ್‌ಲೂಮ್ ನೇಕಾರಳು, ಹನ್ನೊಂದು ವರ್ಷದ ಮಗಳು ಕಂಡಿಕೆ ಸುತ್ತೋಳು, ಒಂಬತ್ತು ವರ್ಷದವನು ಪೀಸರ್, ಅಂದ್ರೆ ಓಡ್ತಾ ಇರೋ ಮೆಷಿನ್ ಮುಂದೆ ಹರಿದ ನೂಲು ಸೇರಿಸೋ ಹುಡುಗ, ಆಮೇಲೆ ಮೂರು ವರ್ಷದ ವಿಲಿಯಂ, ಕೊನೆಗೆ ಒಬ್ಬ ಲಾಜರ್, ಬಾಡಿಗೆಗೆ ಮಲಗೋಕೆ ಜಾಗ ಪಡೆದ ಐರ್ಲೆಂಡಿನವನು. ಒಂದೇ ಮನೇಲಿ ಗಂಡ ಹಳೇ ಮಗ್ಗದಲ್ಲಿ, ಹೆಂಡ್ತಿ ಆ ಮಗ್ಗವನ್ನ ಮುಳುಗಿಸಿದ ಮಿಲ್‌ನಲ್ಲಿ! ನಮ್ಮನೇಲಿ ದೊಡ್ಡಪ್ಪ ಮಿಲ್ ಜಾಬರ್ (ಮೇಸ್ತ್ರಿ) ಆಗಿದ್ದೋರು, ಅವರಿಗೆ ಈ ಪುಟ ಫೋನಲ್ಲಿ ಓದಿ ಹೇಳಿದ್ರೆ ಎಲ್ಲಾ ಕೆಲಸದ ಹೆಸರು ಅವರಿಗೆ ಥಟ್ಟಂತ ಅರ್ಥ ಆಯ್ತು. ಲ್ಯಾಂಕಾಶೈರ್‌ನಲ್ಲಿ ಮಗ್ಗ ರಿಪೇರಿ ಮಾಡಿ ನೇಕಾರರ ಮೇಲೆ ಉಸ್ತುವಾರಿ ಮಾಡೋನಿಗೆ ಟ್ಯಾಕ್ಲರ್ ಅಂತಾರೆ, ಹಾಸಿನ ನೂಲಿಗೆ ಗಂಜಿ ಹಾಕೋನು ಟೇಪ್ ಸೈಜರ್.

ಪುಟ ಓದುವಾಗ ವಯಸ್ಸಿನ ಮೇಲೆ ಗೀಟು ಎಳೆದಿರ್ತಾರೆ, ಹೊಡೆದುಹಾಕಿದ್ದಲ್ಲ ಅದು, ಲಂಡನ್ನಿನ ಗುಮಾಸ್ತರು ಲೆಕ್ಕ ಹಾಕುವಾಗ ಟಿಕ್ ಮಾಡಿದ್ದು, ಅದ್ರಿಂದ 3 ಯಾವುದು 8 ಯಾವುದು ತಿಳಿಯಲ್ಲ. ಡಿಓ ಅಂತ ಕಂಡ್ರೆ ಮೇಲಿನದ್ದೇ ಅಂತ. ಹೆಸರಿನ ಎಡಕ್ಕೆ ಎರಡು ಓರೆಗೀಟು ಇದ್ರೆ ಅಲ್ಲಿಗೆ ಆ ಕಟ್ಟಡ ಮುಗೀತು, ಒಂದೇ ಗೀಟಾದ್ರೆ ಅದೇ ಕಟ್ಟಡದಲ್ಲಿ ಇನ್ನೊಂದು ಸಂಸಾರ. ಜೋಡಿ ಎಸ್‌ನ ಮೊದಲನೇದನ್ನ ಎಫ್ ಥರ ಬರೀತಿದ್ರು. ಸ್ಪೆಲಿಂಗ್ ಅಂತೂ ಕೇಳ್ಬೇಡಿ, ನಮ್ಮ ಮನೆಯವರಿಗೆ ಬರೆಯೋಕೆ ಬರಲ್ಲ, ಬಂದವನಿಗೆ ಕೇಳಿದ್ದೇ ಹೆಸರು. ಅಲ್ಲಿಯ ಜನ ಮಾತಾಡುವಾಗ ಹಕಾರ ನುಂಗ್ತಾರೆ, ನಮ್ಮಲ್ಲಿ ಕೆಲವರು ಹಾಲನ್ನ ಆಲು ಅಂದ ಹಾಗೆ, ಹಾಗಾಗಿ ಹಾವರ್ತ್ ಅನ್ನೋದು ಆವರ್ತ್ ಆಗಿದೆ, ಹೋವರ್ತ್ ಆಗಿದೆ, ಇನ್ನೂ ಏನೇನೋ. ಸರ್‌ನೇಮ್ ಬಿಟ್ಟು ಬರೀ ಹೆಸರು, ವಯಸ್ಸು, ಹುಟ್ಟಿದೂರು ಹಾಕಿ ಹುಡುಕೋದೂ ಒಂದು ದಾರಿ. ವೆಂಕಟೇಶ ವೆಂಕಿ ಆದ ಹಾಗೆ ಎಲಿಜಬೆತ್ ಬೆಟ್ಟಿ ಆಗ್ತಾಳೆ, ಮೇರಿ ಪಾಲಿ, ಮಾರ್ಗರೆಟ್ ಪೆಗ್ಗಿ, ಸಾರಾ ಸ್ಯಾಲಿ, ಆನ್ ನ್ಯಾನ್ಸಿ. ನಾವು ಬೆಟ್ಟಿ ಅಂತ ಹುಡುಕಿ ಸಿಗದೆ ಒದ್ದಾಡಿದ್ದು, ಮದುವೆ ಬುಕ್ಕಲ್ಲಿ ಎಲಿಜಬೆತ್ ಅಂತ ಆರಾಮಾಗಿ ಕೂತಿದ್ಲು.

ಪಕ್ಕದ ಮನೆ, ಎದುರು ಮನೆ ಪುಟಗಳನ್ನೂ ಓದಿ. ಬೆಟ್ಟಿಯ ತವರಿನವರು ನಾಲ್ಕು ಮನೆ ಆಚೆಗಿದ್ರು.

ಒಂದು ಸೆನ್ಸಸ್‌ನಿಂದ ಇನ್ನೊಂದಕ್ಕೆ ಮನೆ ಮಾಯ ಆದ್ರೆ ಆ ಊರಲ್ಲಿ ಏನಾಯ್ತು ಅಂತ ನೋಡಿ. 1861ರ ಸೆನ್ಸಸ್ ಏಪ್ರಿಲ್ 7ಕ್ಕೆ ಆಯ್ತು, ಐದೇ ದಿನಕ್ಕೆ, ಏಪ್ರಿಲ್ 12ಕ್ಕೆ ಅಮೆರಿಕದ ಅಂತರ್ಯುದ್ಧ ಶುರು. ಅಲ್ಲಿಂದ ಹತ್ತಿ ಬರೋದು ನಿಂತೋಯ್ತು, ಮಿಲ್‌ಗಳಿಗೆ ಬೀಗ, 1862ರ ಕೊನೆ ಹೊತ್ತಿಗೆ ಲ್ಯಾಂಕಾಶೈರ್ ತುಂಬಾ ಗಂಜಿಕೇಂದ್ರ. ಆ ಪುಟದಲ್ಲಿ ಇರೋರೆಲ್ಲಾ ಕೈತುಂಬಾ ಕೆಲಸ ಇದ್ದ ಕೊನೇ ದಿನಗಳಲ್ಲಿ ನಿಂತಿದ್ದಾರೆ, ಅವರಿಗೇ ಗೊತ್ತಿಲ್ಲ. 1871ಕ್ಕೆ ಸಿಗದೋರನ್ನ ಯಾರ್ಕ್‌ಶೈರ್‌ನ ಉಣ್ಣೆ ಮಿಲ್‌ಗಳ ಕಡೆ, ವರ್ಕ್‌ಹೌಸ್‌ನಲ್ಲಿ (ಗತಿಯಿಲ್ಲದವರನ್ನ ದುಡಿಸ್ಕೊಂಡು ಇಟ್ಕೊಳ್ತಿದ್ದ ಸರ್ಕಾರಿ ಜಾಗ), ಹಡಗು ಹತ್ತಿದವರ ಪಟ್ಟಿಯಲ್ಲಿ ನೋಡಿ.

ಗಂಡಸೊಬ್ಬನೇ ಮಾಯ ಆಗಿದ್ರೆ ಸೈನ್ಯ ಇರ್ಬಹುದು. ಇಲ್ಲಿ ನಮ್ಮ ಕಡೆಯ ನಂಟು ಬರುತ್ತೆ ನೋಡಿ. ಬೆಂಗಳೂರು ಕಂಟೋನ್ಮೆಂಟ್‌ನಲ್ಲಿದ್ದ ಗೋರಾ ಸಿಪಾಯಿಗಳಲ್ಲಿ ಬಹಳಷ್ಟು ಜನ ಇಂಥ ಮನೆ ಹುಡುಗರೇ. ಅಲ್ಲಿ ಮದುವೆ ಆದ್ರೆ, ಮಗು ಹುಟ್ಟಿದ್ರೆ, ಸತ್ರೆ, ಚರ್ಚ್ ದಾಖಲೆಯ ಕಾಪಿ ಲಂಡನ್‌ಗೆ ಹೋಗ್ತಿತ್ತು. ಈಗ ಅದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ, ಮದ್ರಾಸ್ ಪ್ರೆಸಿಡೆನ್ಸಿಯದ್ದು ಎನ್/2 ಅನ್ನೋ ಸರಣಿ. ಕೋಲಾರದ ಗಣಿಗೂ ಕಾರ್ನ್‌ವಾಲ್‌ನ ತವರ ತಾಮ್ರದ ಗಣಿ ಕೆಲಸಗಾರರು ಬಂದಿದ್ರು, ಊರಲ್ಲಿ ಹೆಂಡ್ತಿ ಮಕ್ಕಳನ್ನ ಬಿಟ್ಟು. ಅಂಥ ಮನೆಗಳು ಕಾರ್ನ್‌ವಾಲ್‌ನ ಸೆನ್ಸಸ್‌ನಲ್ಲಿ ಗಂಡನಿಲ್ಲದ ಮನೆಗಳಾಗಿ ಕಾಣ್ತಾವೆ.

ಪ್ಯಾರಿಷ್ ರಿಜಿಸ್ಟರ್, 1837ರ ಆಚೆಗೆ

ಇಲ್ಲಿಂದ ಹಿಂದೆ ಸರ್ಕಾರ ಇಲ್ಲ, ಚರ್ಚ್ ಮಾತ್ರ. 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆರ್ಡರ್ ಹೊರಡಿಸಿದ, ಪ್ರತಿ ಪ್ಯಾರಿಷ್ ಬ್ಯಾಪ್ಟಿಸಂ (ಮಗು ತಲೆಗೆ ನೀರು ಹಾಕೋ ಶಾಸ್ತ್ರ), ಮದುವೆ, ಮಣ್ಣು ಮಾಡಿದ್ದು ಬರೆದಿಡ್ಬೇಕು ಅಂತ. ಅಷ್ಟು ಹಿಂದಿನದ್ದು ಉಳಿದಿರೋದು ಕೆಲವೇ ಕಡೆ. ನೀವು ಮೂರು ವರ್ಷ ನೆನಪಿಟ್ಕೊಳ್ಳಿ ಸಾಕು.

1813. ಅಲ್ಲಿಂದ ಅಚ್ಚಾದ ಬುಕ್ಕು, ಒಂದು ಪುಟಕ್ಕೆ ಎಂಟು ಬ್ಯಾಪ್ಟಿಸಂ, ಅಪ್ಪ ಅಮ್ಮನ ಹೆಸರು, ಇರೋ ಜಾಗ, ಅಪ್ಪನ ಕೆಲಸ. ಮಣ್ಣು ಮಾಡಿದವರ ವಯಸ್ಸೂ ಸಿಗುತ್ತೆ. ಅದಕ್ಕೆ ಹಿಂದೆ ಹೋದ್ರೆ ಪಾದ್ರಿಯ ಮನಸ್ಸಿಗೆ ಬಂದ ಹಾಗೆ, ಜಾನ್‌ನ ಮಗ ಜಾನ್ ಅಂತ ಒಂದು ಸಾಲು ಬರೆದು ಮುಗಿಸಿರ್ತಾನೆ.

1754. ಮದುವೆಗೆ ಬೇರೆ ಬುಕ್ಕು, ಸಹಿ, ಸಾಕ್ಷಿ. ಅಲ್ಲಿಂದ 1837ರವರೆಗೆ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರು ಮತ್ತೆ ಯಹೂದಿಗಳನ್ನ ಬಿಟ್ಟು ಎಲ್ರೂ ದೇಶದ ಅಧಿಕೃತ ಚರ್ಚ್ ಆದ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲೇ ಮದುವೆ ಆಗ್ಬೇಕಿತ್ತು. ನಿಮ್ಮ ಮನೆಯವರು ಮೆಥಡಿಸ್ಟೋ ಕ್ಯಾಥೊಲಿಕ್ಕೋ ಆದ್ರೂ ಮದುವೆ ಮಾತ್ರ ಇಲ್ಲೇ ಹುಡುಕಿ, ಮಕ್ಕಳ ಬ್ಯಾಪ್ಟಿಸಂ ಅವರವರ ಪಂಗಡದ ಚಾಪೆಲ್‌ನಲ್ಲಿ, ಅಂದ್ರೆ ಸಣ್ಣ ಚರ್ಚ್‌ನಲ್ಲಿ, ಇರ್ಬಹುದು. ಈ ಮದುವೆ ದಾಖಲೆಗಳಲ್ಲಿ ಅಪ್ಪಂದಿರ ಹೆಸರು ಇರಲ್ಲ, ನಾವು 1810ರಲ್ಲಿ ಸಿಕ್ಕಿಹಾಕ್ಕೊಂಡಿರೋದು ಅದಕ್ಕೇ.

1752. ಅದಕ್ಕೆ ಮುಂಚೆ ಹೊಸವರ್ಷ ಶುರುವಾಗ್ತಿದ್ದದ್ದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಅಂತ ಬರೆದಿದ್ರೆ ನಮ್ಮ ಲೆಕ್ಕದಲ್ಲಿ 1741. ಮದುವೆ ಮೇ ತಿಂಗಳು, ಮಗು ಅದೇ ವರ್ಷದ ಫೆಬ್ರವರಿ ಅಂತ ಕಂಡು ಮುತ್ತಜ್ಜಿಯ ಮೇಲೆ ಅನುಮಾನ ಪಡೋದಕ್ಕೆ ಮೊದ್ಲು ಇದನ್ನ ನೆನಪಿಸ್ಕೊಳ್ಳಿ.

ಬ್ಯಾಪ್ಟಿಸಂ ತಾರೀಕು ಹುಟ್ಟಿದ ತಾರೀಕಲ್ಲ. ಒಂದೇ ದಿನ ಮೂರು ನಾಲ್ಕು ಮಕ್ಕಳನ್ನ ಸಾಲಾಗಿ ಕರ್ಕೊಂಡೋಗಿ ಮುಗಿಸಿದೋರು ಇದಾರೆ. ಲ್ಯಾಂಕಾಶೈರ್‌ನಲ್ಲಿ ಪ್ಯಾರಿಷ್ ಅಂದ್ರೆ ಒಂದು ತಾಲೂಕಿನಷ್ಟು ದೊಡ್ಡದು, ಒಳಗೆ ಹಳ್ಳಿಗೊಂದು ಚಿಕ್ಕ ಚಾಪೆಲ್, ಹಾಗಾಗಿ ಬ್ಲ್ಯಾಕ್‌ಬರ್ನ್ ಸೇಂಟ್ ಮೇರೀಸ್‌ನಲ್ಲಿ ಸಿಗ್ಲಿಲ್ಲ ಅಂತ ಕೈಬಿಡ್ಬೇಡಿ, ಸುತ್ತ ಹತ್ತು ಮೈಲಿ ಮ್ಯಾಪ್ ಇಟ್ಕೊಂಡು ನೋಡಿ. ಮ್ಯಾಂಚೆಸ್ಟರ್ ಕಡೆಯವರಾದ್ರೆ ಕಾಲೇಜಿಯೇಟ್ ಚರ್ಚ್ ಮರೀಬೇಡಿ, 1847ರಲ್ಲಿ ಕೆಥೆಡ್ರಲ್ ಆಯ್ತಲ್ಲ ಅದೇ, ಊರಿನ ಕೂಲಿ ಜನರೆಲ್ಲಾ ಸಾಮೂಹಿಕ ವಿವಾಹದ ಥರ ಅಲ್ಲೇ ಹೋಗಿ ಮದುವೆ ಆಗ್ತಿದ್ರು.

ಲ್ಯಾಂಕಾಶೈರ್‌ಗೆ ಒಂದು ವರ ಇದೆ, ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಅಂತ ವಾಲಂಟಿಯರ್‌ಗಳ ಕೆಲಸ, ರಿಜಿಸ್ಟರ್‌ಗಳನ್ನ ಟೈಪ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಕಾರ್ನ್‌ವಾಲ್‌ಗೂ ಅಂಥದ್ದಿದೆ, ದೇಶಕ್ಕೆಲ್ಲಾ ಫ್ರೀರೆಗ್ ಇದೆ. ಟೈಪ್ ಮಾಡಿದ್ದು ಸಿಕ್ಕಿದ್ರೂ ಮೂಲ ಪುಟದ ಫೋಟೋ ನೋಡ್ಲೇಬೇಕು, ಅಂಚಲ್ಲಿ ಪಾದ್ರಿ ಸಣ್ಣದಾಗಿ ಬರೆದದ್ದು ಟೈಪ್‌ನಲ್ಲಿ ಬರದೆ ಇರ್ಬಹುದು. ಅಪ್ಪನ ಹೆಸರಿಲ್ಲದೆ ಬೇಸ್ ಅಂತ ಇದ್ರೆ ಮದುವೆ ಆಚೆಗೆ ಹುಟ್ಟಿದ ಮಗು. ಅಂಥ ಮಗುವಿಗೆ ಮಧ್ಯದ ಹೆಸರಾಗಿ ಬೇರೆ ಯಾವುದೋ ಸರ್‌ನೇಮ್ ಇಟ್ಟಿದ್ರೆ, ಅದು ಅಪ್ಪನದ್ದಾಗಿರೋ ಸಾಧ್ಯತೆ ಜಾಸ್ತಿ. ತಾಯಿ ಬಾಯಿ ಬಿಟ್ಟು ಹೇಳಿಲ್ಲ, ಹೆಸರಲ್ಲಿ ಇಟ್ಟಿದ್ದಾಳೆ.

ಕೈ ಚಾಚಿದಾಗ ಬರೆದದ್ದು

ರಿಜಿಸ್ಟರ್ ಕೈಕೊಟ್ಟ ಕಡೆ ನೋಡ್ಬೇಕಾದ್ದು ಬಡವರ ಕಾನೂನಿನ ಕಾಗದಗಳು. 1662ರ ಕಾಯ್ದೆ ಪ್ರಕಾರ ಪ್ರತಿಯೊಬ್ಬರಿಗೂ ಒಂದು ಸ್ವಂತ ಪ್ಯಾರಿಷ್ ಇರ್ಬೇಕು, ಕಷ್ಟ ಬಂದ್ರೆ ಆ ಪ್ಯಾರಿಷ್ ಸಾಕ್ಬೇಕು. ಹಾಗಾಗಿ ಬೇರೆ ಊರಿಂದ ಬಂದೋನು ಕೆಲಸ ಕಳ್ಕೊಂಡು ಸಹಾಯ ಕೇಳಿದ್ರೆ, ಈ ಪೀಡೆ ನಮ್ಮದಾ ಬೇರೆಯವರದ್ದಾ ಅಂತ ಮ್ಯಾಜಿಸ್ಟ್ರೇಟ್‌ಗಳ ಮುಂದೆ ನಿಲ್ಲಿಸಿ ಕೇಳ್ತಿದ್ರು: ಎಲ್ಲಿ ಹುಟ್ಟಿದೆ, ಯಾರ ಹತ್ರ ಕೆಲಸ ಕಲಿತೆ, ಯಾರ ಮನೇಲಿ ವರ್ಷ ಪೂರ್ತಿ ಆಳಾಗಿದ್ದೆ, ಎಷ್ಟು ಬಾಡಿಗೆ ಕಟ್ಟಿದೆ, ಹೆಂಡ್ತಿ ಯಾರು, ಮಕ್ಕಳ ವಯಸ್ಸೆಷ್ಟು. ಉತ್ತರ ಎಲ್ಲಾ ಬರ್ಕೊಂಡು ಅವನ ಗುರುತು ಹಾಕಿಸ್ಕೊಂಡು, ನಿನ್ನ ಊರು ಅದು ಅಂತ ತೀರ್ಮಾನ ಆದ್ರೆ ಸಂಸಾರ ಸಮೇತ ಅಲ್ಲಿಗೆ ಸಾಗ್ಹಾಕ್ತಿದ್ರು. ಓದುವಾಗ ಹೊಟ್ಟೆ ಕಿವುಚುತ್ತೆ. ಆದ್ರೆ ಜಮೀನು ಉಯಿಲು ಏನೂ ಇಲ್ಲದ ಒಬ್ಬ ಕೂಲಿಯವನು ತನ್ನ ಜೀವನ ತಾನೇ ಹೇಳ್ಕೊಂಡಿರೋ ಕಾಗದ ಬೇರೆಲ್ಲೂ ಸಿಗಲ್ಲ. ಗಂಡ ಇಲ್ಲದೆ ಬಸುರಾದವಳ ಹತ್ರ ಹುಡುಗನ ಹೆಸರು ಹೇಳಿಸಿ ಅವನಿಂದ ದುಡ್ಡಿಗೆ ಬರೆಸ್ಕೊಂಡ ಪತ್ರಗಳೂ ಇದ್ರ ಜೊತೆಗೇ ಇರ್ತಾವೆ. 1834ರ ನಂತರ ಪ್ಯಾರಿಷ್‌ಗಳನ್ನ ಸೇರಿಸಿ ಯೂನಿಯನ್ ಮಾಡಿ ವರ್ಕ್‌ಹೌಸ್ ಕಟ್ಟಿದ್ರು, ಅಲ್ಲಿಂದ ಆ ದಾಖಲೆಗಳು ಬೇರೆ.

ಇವು ಎಲ್ಲಾ ಆನ್‌ಲೈನ್ ಸಿಗಲ್ಲ, ಕೌಂಟಿಯ ಆರ್ಕೈವ್‌ಗೆ ಹೋಗ್ಬೇಕು. ನಮ್ಮದು ಪ್ರೆಸ್ಟನ್‌ನಲ್ಲಿರೋ ಲ್ಯಾಂಕಾಶೈರ್ ಆರ್ಕೈವ್ಸ್. ಮೊದ್ಲೇ ಕ್ಯಾಟಲಾಗ್ ನೋಡಿ ನಂಬರ್ ಬರ್ಕೊಂಡೋಗಿ, ಗುರುತಿನ ಚೀಟಿ ಒಯ್ಯಿರಿ, ಯಾವ ದಿನ ತೆಗೆದಿರುತ್ತೆ ಅಂತ ಕೇಳ್ಕೊಂಡೇ ಹೊರಡಿ. ನೋಡಿದ್ದನ್ನೆಲ್ಲಾ ನೋಟ್‌ಬುಕ್ಕಿಗೆ ಹಾಕಿ, ಸಿಗದೇ ಇದ್ದದ್ದನ್ನೂ ಹಾಕಿ, ಯಾವ ಬುಕ್ಕು ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದ್ವಿ ಅಂತ, ಇಲ್ದಿದ್ರೆ ಆರು ತಿಂಗಳಾದ್ಮೇಲೆ ಅದನ್ನೇ ಮತ್ತೆ ನೋಡ್ತಾ ಕೂತಿರ್ತೀರಿ. ನಾವು ಮುಂದಿನ ವಾರ ಹೋಗ್ತಿದ್ದೀವಿ, 1810ರ ಮದುವೆಗೆ ಸಾಕ್ಷಿ ಹಾಕಿದೋನು ಬೇರೆ ಪ್ಯಾರಿಷ್‌ನವನು ಅಂತ ಸುಳಿವು ಸಿಕ್ಕಿದೆ, ಆ ಪ್ಯಾರಿಷ್‌ನ ಬಡವರ ಕಾನೂನಿನ ಕಾಗದಗಳ ಪೆಟ್ಟಿಗೆ ನೋಡೋಕೆ. ಒಳಗೆ ಪೆನ್ನು ಬಿಡಲ್ಲ, ಪೆನ್ಸಿಲ್ ಮಾತ್ರ. ಅಜ್ಜಿ ಆಗ್ಲೇ ನಾಲ್ಕು ಚೂಪು ಮಾಡಿ ಬ್ಯಾಗಿಗೆ ಹಾಕ್ಕೊಂಡಿದಾರೆ.